ಸ್ತನ ಕ್ಯಾನ್ಸರ್ ಮಿದುಳಿಗೆ ಹರಡಿದಾಗ ಇಡೀ ತಲೆಗೆ ರೇಡಿಯೇಷನ್ ಬೇಕೇ?

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೊ ಆಗಿತ್ತು. ರಿಪೋರ್ಟ್‌ನಲ್ಲಿ ಹರ್-2 ಪಾಸಿಟಿವ್, ಹಾರ್ಮೋನ್ ನೆಗೆಟಿವ್ ಎಂದಿದೆ. ಕಳೆದ ವರ್ಷ ಲಿವರ್‌ನಲ್ಲಿ ಕಾಣಿಸಿಕೊಂಡಿತು. ಟ್ರಾಸ್ಟುಜುಮಾಬ್ ಮತ್ತು ಪರ್ಟುಜುಮಾಬ್ ಇಂಜೆಕ್ಷನ್‌ನಿಂದ ಅದು ಹತೋಟಿಯಲ್ಲಿದೆ. ಎರಡು ವಾರದಿಂದ ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ. ಒಮ್ಮೆ ಎಡಗೈ ತನ್ನಷ್ಟಕ್ಕೆ ಒಂದು ನಿಮಿಷ ಅದುರಿತು. ಎಂಆರ್‌ಐ ಮಾಡಿಸಿದರೆ ಮಿದುಳಿನಲ್ಲಿ ಮೂರು ಗಡ್ಡೆ, ದೊಡ್ಡದು 2.4 ಸೆಂ.ಮೀ. ಒಬ್ಬ ಡಾಕ್ಟರು ಇಡೀ ತಲೆಗೆ ರೇಡಿಯೇಷನ್ ಕೊಡಬೇಕು ಎನ್ನುತ್ತಾರೆ, ಇನ್ನೊಬ್ಬರು ಗಡ್ಡೆಗೆ ಮಾತ್ರ ಕೊಟ್ಟರೆ ಸಾಕು ಎನ್ನುತ್ತಾರೆ. ಇದಕ್ಕೆ ಮಾತ್ರೆಯೂ ಬಂದಿದೆಯಂತೆ. ಯಾವುದು ಸರಿ? ಅಕ್ಕ ಎಷ್ಟು ಕಾಲ ಬದುಕಬಹುದು?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇವೆ. ನೀವು ಬರೆದಿರುವ ವಿವರಕ್ಕೆ ಎರಡನೆಯ ಡಾಕ್ಟರ ಸಲಹೆ ಹೆಚ್ಚು ಹೊಂದುತ್ತದೆ. ಗಡ್ಡೆ ಮೂರೇ ಇದ್ದು, ಎಲ್ಲವೂ 3 ಸೆಂ.ಮೀ. ಒಳಗಿದ್ದು, ರೋಗಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೆನ್ನಾಗಿದ್ದರೆ, ಇಡೀ ತಲೆಗೆ ರೇಡಿಯೇಷನ್ ಕೊಡುವುದು ಇಂದು ಮೊದಲ ಆಯ್ಕೆಯಲ್ಲ. ಎರಡನೆಯ ಪ್ರಶ್ನೆಗೂ ಅಂಕಿಸಂಖ್ಯೆಯಲ್ಲೇ ಉತ್ತರಿಸಬಹುದು, ಮುಂದೆ ಲೆಕ್ಕ ಹಾಕಿ ತೋರಿಸುತ್ತೇವೆ. ‘ತಲೆಗೆ ಹೋಗಿದೆ ಅಂದರೆ ಇನ್ನು ಕೆಲವೇ ವಾರ’ ಎಂಬ ಮಾತು ಹರ್-2 ಪಾಸಿಟಿವ್ ಕಾಯಿಲೆಯ, ಅಂದರೆ ಕ್ಯಾನ್ಸರ್ ಕೋಶಗಳ ಮೇಲೆ ಹರ್-2 ಎಂಬ ಪ್ರೊಟೀನ್ ಅತಿಯಾಗಿರುವ ಬಗೆಯ, ಮಟ್ಟಿಗೆ ಹಳೆಯ ಕಾಲದ್ದು.

ಲಿವರ್‌ನಲ್ಲಿ ಮಣಿದ ಕಾಯಿಲೆ ತಲೆಯಲ್ಲಿ ಹೇಗೆ ಬೆಳೆಯಿತು ಎಂದು ನಿಮಗೆ ಅನ್ನಿಸಿರಬೇಕು. ಮಿದುಳಿನ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಬಹಳ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಟ್ರಾಸ್ಟುಜುಮಾಬ್‌ನಂಥ ದೊಡ್ಡ ಅಣು ಆ ತಡೆಯನ್ನು ಸುಲಭವಾಗಿ ದಾಟುವುದಿಲ್ಲ. ಹಾಗಾಗಿ ಔಷಧ ಲಿವರ್, ಮೂಳೆ, ಶ್ವಾಸಕೋಶಗಳಲ್ಲಿ ಕೆಲಸ ಮಾಡುತ್ತಿರುವಾಗಲೇ ಮಿದುಳಿನಲ್ಲಿ ಅಡಗಿದ್ದ ಕೆಲವು ಕೋಶಗಳು ತಮ್ಮ ಪಾಡಿಗೆ ಬೆಳೆದಿರುತ್ತವೆ. ಹರ್-2 ಪಾಸಿಟಿವ್ ಕಾಯಿಲೆ ದೇಹದ ಬೇರೆ ಕಡೆ ಹರಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಮಿದುಳಿನಲ್ಲಿ ಗಡ್ಡೆ ಕಾಣಿಸಿಕೊಳ್ಳುತ್ತದೆ. ಇದು ಔಷಧ ಸೋತ ಲಕ್ಷಣವಲ್ಲ, ಔಷಧ ತಲುಪದ ಜಾಗದ ತೊಂದರೆ. ಮುಂದೆ ಇಂಜೆಕ್ಷನ್ ಬದಲಾಯಿಸಬೇಕೇ ಬೇಡವೇ ಎಂಬ ಮಾತು ಬಂದಾಗ ಈ ವ್ಯತ್ಯಾಸ ನೆನಪಿರಲಿ.

ಈಗ ಇವತ್ತಿನ ತುರ್ತು. ಬೆಳಗಿನ ತಲೆನೋವು, ವಾಂತಿ ಬರುವುದು ಗಡ್ಡೆಯಿಂದ ಮಾತ್ರವಲ್ಲ, ಅದರ ಸುತ್ತ ಮಿದುಳಿನಲ್ಲಿ ಕಟ್ಟಿಕೊಂಡ ಊತದಿಂದ. ಮಲಗಿದಾಗ ತಲೆಯೊಳಗಿನ ಒತ್ತಡ ಏರುವುದರಿಂದ ಬೆಳಗ್ಗೆ ಜಾಸ್ತಿ. ಇದಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಲಕ್ಷಣ ಸೌಮ್ಯವಾಗಿದ್ದರೆ ದಿನಕ್ಕೆ ಒಟ್ಟು 4ರಿಂದ 8 ಮಿ.ಗ್ರಾಂ ಸಾಕಾಗುತ್ತದೆ. ಮಂಪರು, ಜೋರು ವಾಂತಿ, ಕೈಕಾಲು ಬಲ ಕಳೆದುಕೊಳ್ಳುವುದು ಇದ್ದರೆ 16 ಮಿ.ಗ್ರಾಂವರೆಗೆ. ಒಂದೆರಡು ದಿನದಲ್ಲೇ ತಲೆನೋವು ಇಳಿಯುತ್ತದೆ. ಅದನ್ನು ಕಂಡು ‘ಗಡ್ಡೆ ಕರಗಿತು’ ಎಂದುಕೊಳ್ಳಬೇಡಿ. ಇಳಿದದ್ದು ಊತ, ಗಡ್ಡೆ ಅಲ್ಲೇ ಇದೆ.

ಮನೆಯವರು ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವುದು ಈ ಸ್ಟೀರಾಯ್ಡ್ ವಿಷಯದಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. ದಿನಕ್ಕೆರಡು ಡೋಸ್ ಇದ್ದರೆ ಬೆಳಗ್ಗೆ ಮತ್ತು ಮಧ್ಯಾಹ್ನ ಕೊಡುವಂತೆ ಡಾಕ್ಟರನ್ನು ಕೇಳಿ. ಸಂಜೆ ಕೊಟ್ಟರೆ ರಾತ್ರಿ ನಿದ್ದೆ ಹೋಯಿತೆಂದೇ ಲೆಕ್ಕ. ಸಕ್ಕರೆಯನ್ನು ಬರೀ ಹೊಟ್ಟೆಯಲ್ಲಿ ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಬೆಳಗ್ಗೆ ತೆಗೆದುಕೊಂಡ ಡೆಕ್ಸಾಮೆಥಾಸೋನ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೆ. ಹೊಟ್ಟೆಯ ಹುಣ್ಣಾಗದಂತೆ ಒಂದು ಮಾತ್ರೆ ಜೊತೆಗಿರಲಿ. ಬಾಯೊಳಗೆ ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕು, ಸುಲಭವಾಗಿ ವಾಸಿಯಾಗುತ್ತದೆ. ಮೂರು ನಾಲ್ಕು ವಾರ ಕಳೆದ ಮೇಲೆ ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಕಷ್ಟವಾದರೆ ಕಾಯಿಲೆ ಹೆಚ್ಚಾಯಿತೆಂದು ಗಾಬರಿಯಾಗುವ ಮೊದಲು ತೊಡೆಯ ಸ್ನಾಯುವನ್ನು ಸ್ಟೀರಾಯ್ಡ್ ಕರಗಿಸಿದೆಯೇ ಎಂದು ಕೇಳಿ. ಎರಡೂ ತೊಡೆ ಒಂದೇ ಸಮ ಸೋತಿದ್ದರೆ ಸ್ಟೀರಾಯ್ಡ್ ಮೇಲೆ ಅನುಮಾನ, ಒಂದೇ ಕಡೆಯ ಕೈಕಾಲು ಸೋತಿದ್ದರೆ ಗಡ್ಡೆಯ ಮೇಲೆ. ಎಲ್ಲಕ್ಕಿಂತ ಮುಖ್ಯ, ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ದೇಹ ತನ್ನ ಸ್ಟೀರಾಯ್ಡ್ ತಯಾರಿಕೆಯನ್ನು ನಿಲ್ಲಿಸಿರುತ್ತದೆ, ರಕ್ತದೊತ್ತಡ ಕುಸಿಯಬಹುದು. ರೇಡಿಯೇಷನ್ ಮುಗಿದ ಮೇಲೆ ಹಂತ ಹಂತವಾಗಿ ಇಳಿಸುತ್ತಾರೆ. ಯಾವ ದಿನ ಎಷ್ಟು ಎಂಬ ಪಟ್ಟಿಯನ್ನು ಬರೆಸಿಕೊಂಡೇ ಬನ್ನಿ. ಪಟ್ಟಿ ಇಲ್ಲದೆ ಬಂದವರು ತಿಂಗಳುಗಟ್ಟಲೆ ಅದೇ ಡೋಸ್ ನುಂಗುತ್ತಿರುತ್ತಾರೆ. ಹಾಗೆ ನಾಲ್ಕು ವಾರ ಮೀರುವಂತಿದ್ದರೆ ಶ್ವಾಸಕೋಶದ ಒಂದು ಬಗೆಯ ಸೋಂಕಿಗೆ ಮುಂಜಾಗ್ರತೆಯ ಮಾತ್ರೆ ಬೇಕೇ ಎಂದೂ ಕೇಳಬೇಕು.

ಎಡಗೈ ಅದುರಿದ್ದು ಫಿಟ್ಸ್‌ನ ಒಂದು ರೂಪ. ಪ್ರಜ್ಞೆ ತಪ್ಪದೆ ಒಂದೇ ಕೈ ಅಥವಾ ಮುಖದ ಒಂದು ಬದಿ ಅದುರಿದರೂ ಅದು ಫಿಟ್ಸೇ. ಎಡಗೈಯನ್ನು ನಡೆಸುವುದು ಬಲ ಮಿದುಳು. ಎಂಆರ್‌ಐ ರಿಪೋರ್ಟ್‌ನಲ್ಲಿ ಒಂದು ಗಡ್ಡೆ ಬಲಭಾಗದಲ್ಲಿದೆಯೇ ನೋಡಿ, ಬಹುಶಃ ಇರುತ್ತದೆ. ಒಮ್ಮೆಯೂ ಫಿಟ್ಸ್ ಬಾರದವರಿಗೆ ಮುಂಜಾಗ್ರತೆಗೆಂದು ಫಿಟ್ಸ್ ಮಾತ್ರೆ ಬೇಕಿಲ್ಲ. ನಿಮ್ಮ ಅಕ್ಕನಿಗೆ ಬಂದಿದೆ, ಆದ್ದರಿಂದ ಬೇಕು. ಇಲ್ಲಿ ಯಾವ ಮಾತ್ರೆ ಎಂಬುದು ಸಣ್ಣ ವಿಷಯವಲ್ಲ. ಸಾಮಾನ್ಯವಾಗಿ ಲೆವೆಟಿರಸೆಟಾಮ್ 500 ಮಿ.ಗ್ರಾಂ ದಿನಕ್ಕೆರಡು ಬಾರಿಯಿಂದ ಶುರು ಮಾಡುತ್ತಾರೆ. ಫೆನಿಟಾಯಿನ್, ಕಾರ್ಬಮಜೆಪೈನ್ ಹಳೆಯ, ಒಳ್ಳೆಯ ಮಾತ್ರೆಗಳೇ. ಆದರೆ ಅವು ಲಿವರ್‌ನ ಕಿಣ್ವಗಳನ್ನು ಚುರುಕುಗೊಳಿಸಿ ಡೆಕ್ಸಾಮೆಥಾಸೋನ್‌ನ ಬಲ ತಗ್ಗಿಸುತ್ತವೆ. ಮುಂದೆ ಬರಲಿರುವ ಟುಕಾಟಿನಿಬ್ ಮಾತ್ರೆಯ ಮಟ್ಟವನ್ನೂ ರಕ್ತದಲ್ಲಿ ಇಳಿಸುತ್ತವೆ. ಅತ್ತ ಕೆಪಸಿಟಬಿನ್ ಎಂಬ ಕೀಮೊ ಮಾತ್ರೆ ಫೆನಿಟಾಯಿನ್ ಮಟ್ಟವನ್ನು ವಿಷದ ಹಂತಕ್ಕೆ ಏರಿಸಬಲ್ಲದು. ತುರ್ತು ಚಿಕಿತ್ಸೆಯಲ್ಲಿ ಫೆನಿಟಾಯಿನ್ ಹಾಕಿ ಕಳಿಸಿದ್ದು ಹಾಗೆಯೇ ಮುಂದುವರಿದು, ತಿಂಗಳ ನಂತರ ಕ್ಯಾನ್ಸರ್ ಮಾತ್ರೆ ‘ಹಿಡಿಯಲಿಲ್ಲ’ ಎನ್ನುವ ಸ್ಥಿತಿ ಬರಬಾರದು. ಲೆವೆಟಿರಸೆಟಾಮ್‌ನದ್ದೂ ಒಂದು ಕಿರಿಕಿರಿ ಇದೆ, ಕೆಲವರು ಅದರಿಂದ ಸಿಡುಕುತ್ತಾರೆ, ಮಂಕಾಗುತ್ತಾರೆ. ಅಕ್ಕನ ಸ್ವಭಾವವೇ ಬದಲಾಯಿತು ಅನ್ನಿಸಿದರೆ ಅದನ್ನು ಡಾಕ್ಟರಿಗೆ ಹೇಳಿ.

ಮತ್ತೆ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ನೀರೂ ಬೇಡ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ ತಕ್ಷಣ ಆಸ್ಪತ್ರೆಗೆ. ವಾಹನ ಓಡಿಸುವುದು ಸದ್ಯಕ್ಕೆ ಬೇಡವೇ ಬೇಡ.

ಇನ್ನು ರೇಡಿಯೇಷನ್. ಗಡ್ಡೆಗೆ ಮಾತ್ರ ಕೊಡುವುದನ್ನು ಸ್ಟೀರಿಯೊಟ್ಯಾಕ್ಟಿಕ್ ರೇಡಿಯೊಸರ್ಜರಿ, ಚುಟುಕಾಗಿ ಎಸ್‌ಆರ್‌ಎಸ್ ಎನ್ನುತ್ತಾರೆ. ಹೆಸರಿನಲ್ಲಿ ಸರ್ಜರಿ ಇದ್ದರೂ ಕತ್ತರಿ ಇಲ್ಲ. ಬೇರೆ ಬೇರೆ ಕೋನದಿಂದ ಬರುವ ಕಿರಣಗಳು ಗಡ್ಡೆಯಲ್ಲಿ ಮಾತ್ರ ಸಂಧಿಸುತ್ತವೆ, ಸುತ್ತಲಿನ ಮಿದುಳಿಗೆ ಬೀಳುವುದು ಅಲ್ಪ. ತಲೆ ಕದಲದಂತೆ ಮುಖದ ಅಚ್ಚಿಗೆ ಹೊಂದುವ ಪ್ಲಾಸ್ಟಿಕ್ ಮಾಸ್ಕ್ ಹಾಕುತ್ತಾರೆ, ಕೆಲವು ಯಂತ್ರಗಳಲ್ಲಿ ಲೋಹದ ಫ್ರೇಮ್. ಒಂದೇ ಸಲಕ್ಕೆ ಮುಗಿಸುವುದಾದರೆ ಡೋಸ್ ಗಡ್ಡೆಯ ಗಾತ್ರದ ಮೇಲೆ ನಿಂತಿದೆ. 2 ಸೆಂ.ಮೀ. ಒಳಗಿನದಕ್ಕೆ 24 ಗ್ರೇವರೆಗೆ (ಗ್ರೇ ಎಂದರೆ ರೇಡಿಯೇಷನ್ ಅಳೆಯುವ ಮಾನ), 2ರಿಂದ 3 ಸೆಂ.ಮೀ. ನಡುವಿನದಕ್ಕೆ 18 ಗ್ರೇ, 3ರಿಂದ 4 ಸೆಂ.ಮೀ.ನದಕ್ಕೆ 15 ಗ್ರೇ. ಗಡ್ಡೆ ದೊಡ್ಡದಾದಷ್ಟೂ ಸುತ್ತಲಿನ ಮಿದುಳಿಗೆ ತಗಲುವ ಪ್ರಮಾಣ ಹೆಚ್ಚು, ಅದಕ್ಕೇ ಡೋಸ್ ಇಳಿಕೆ. ಡೋಸ್ ಇಳಿಸಿದರೆ ಗಡ್ಡೆ ಸಾಯುವ ಖಾತ್ರಿಯೂ ಇಳಿಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ದೊಡ್ಡ ಗಡ್ಡೆಗೆ 27 ಗ್ರೇಯನ್ನು ಮೂರು ದಿನ ಅಥವಾ 30 ಗ್ರೇಯನ್ನು ಐದು ದಿನಕ್ಕೆ ಹಂಚುತ್ತಾರೆ. ನಿಮ್ಮ ಅಕ್ಕನ 2.4 ಸೆಂ.ಮೀ. ಗಡ್ಡೆಗೆ ಎರಡೂ ದಾರಿ ಸರಿಯೇ. ಉಳಿದೆರಡು 2 ಸೆಂ.ಮೀ.ಗಿಂತ ಚಿಕ್ಕವಾದರೆ ಒಂದೇ ಸಲಕ್ಕೆ ಮುಗಿಯುತ್ತವೆ.

ಒಂದು ಎಚ್ಚರಿಕೆ. ರೋಗ ಪತ್ತೆಗೆ ಮಾಡಿದ ಎಂಆರ್‌ಐ ಮೇಲೆಯೇ ಎಸ್‌ಆರ್‌ಎಸ್ ಯೋಜನೆ ಮಾಡಲಾಗದು. ಗಡ್ಡೆ ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕಿ, ಸುಮಾರು 1 ಮಿ.ಮೀ. ತೆಳುವಿನ ಪದರಗಳಲ್ಲಿ ಇನ್ನೊಮ್ಮೆ ಸ್ಕ್ಯಾನ್ ಬೇಕು. ಆಗ ಮೂರು ಇದ್ದದ್ದು ಐದಾಗಿ ಕಾಣುವುದು ಅಪರೂಪವಲ್ಲ, ಧೈರ್ಯಗೆಡಬೇಡಿ. ಜಪಾನಿನಲ್ಲಿ 1,194 ರೋಗಿಗಳನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಸ್‌ಆರ್‌ಎಸ್ ಮಾತ್ರ ಪಡೆದವರ ಪೈಕಿ 2–4 ಗಡ್ಡೆ ಇದ್ದವರೂ 5–10 ಗಡ್ಡೆ ಇದ್ದವರೂ ಬದುಕಿದ ಅವಧಿ ಒಂದೇ ಆಗಿತ್ತು. ಅದರಲ್ಲಿ ಶ್ವಾಸಕೋಶದ ಕ್ಯಾನ್ಸರಿನವರೇ ಹೆಚ್ಚಿದ್ದರು ನಿಜ, ಆದರೂ ಎಣಿಕೆಯೊಂದೇ ಹೆದರಿಸಬೇಕಾದ ವಿಷಯವಲ್ಲ ಎಂಬುದು ಅಲ್ಲಿಂದ ಗಟ್ಟಿಯಾಯಿತು. ಆ ಹೊಸ ಸ್ಕ್ಯಾನ್ ಮತ್ತು ಚಿಕಿತ್ಸೆಯ ನಡುವೆ ಒಂದೆರಡು ವಾರಕ್ಕಿಂತ ಹೆಚ್ಚು ಅಂತರ ಬಿದ್ದರೆ ಗಡ್ಡೆ ಬೆಳೆದು ಗುರಿ ತಪ್ಪುತ್ತದೆ. ತಡವಾದರೆ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತೀರಾ ಎಂದು ಕೇಳಲು ಸಂಕೋಚ ಬೇಡ.

ಹಾಗಾದರೆ ಮೊದಲನೆಯ ಡಾಕ್ಟರು ಇಡೀ ತಲೆಗೆ ಎಂದದ್ದೇಕೆ? ಕಣ್ಣಿಗೆ ಕಾಣದ ಸಣ್ಣ ಬೀಜಗಳೂ ಸಾಯಲಿ ಎಂಬ ಆಲೋಚನೆ, ಅದರಲ್ಲಿ ತರ್ಕವಿದೆ. 30 ಗ್ರೇಯನ್ನು 10 ದಿನ ಕೊಟ್ಟರೆ ಹೊಸ ಗಡ್ಡೆ ಹುಟ್ಟುವುದು ನಿಜಕ್ಕೂ ಕಡಿಮೆ. ಆದರೆ ಆಯುಸ್ಸು ಹೆಚ್ಚುವುದಿಲ್ಲ, ನೆನಪಿನ ಶಕ್ತಿ ಹೋಗುತ್ತದೆ. ಒಂದರಿಂದ ಮೂರು ಗಡ್ಡೆ ಇದ್ದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮೂರು ತಿಂಗಳ ಹೊತ್ತಿಗೆ ನೆನಪು, ಗ್ರಹಿಕೆ ಕುಂದಿದವರು ಎಸ್‌ಆರ್‌ಎಸ್ ಮಾತ್ರ ಪಡೆದವರಲ್ಲಿ ಶೇ 63.5, ಅದರ ಮೇಲೆ ಇಡೀ ತಲೆಗೂ ಪಡೆದವರಲ್ಲಿ ಶೇ 91.7. ಬದುಕಿದ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲವು ತಿಂಗಳಷ್ಟೇ ಉಳಿದಿರುವವರಿಗೆ ನೆನಪಿನ ನಷ್ಟ ಹಿಂದೆ ಸರಿಯಬಹುದು. ವರ್ಷಗಳ ನಿರೀಕ್ಷೆ ಇರುವ 46ರ ಹೆಂಗಸಿಗೆ ಅದು ದಿನನಿತ್ಯದ ಬಾಳು. ಗಡ್ಡೆಗಳು ಎಣಿಸಲಾಗದಷ್ಟಿದ್ದಾಗ, ಮಿದುಳಿನ ಪೊರೆಗೇ ಹರಡಿದಾಗ ಇಡೀ ತಲೆಯ ರೇಡಿಯೇಷನ್‌ಗೆ ಇಂದೂ ಜಾಗ ಇದೆ. ಆಗಲೂ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಭಾಗವನ್ನು ಬಿಟ್ಟು ಕೊಡಬಹುದೇ, ಜೊತೆಗೆ ಮೆಮಾಂಟಿನ್ ಮಾತ್ರೆಯನ್ನು ಆರು ತಿಂಗಳು ಕೊಡುತ್ತೀರಾ ಎಂದು ಕೇಳಿ. ಹಿಪೊಕ್ಯಾಂಪಸ್‌ನಿಂದ 5 ಮಿ.ಮೀ. ಒಳಗೆ ಗಡ್ಡೆ ಇದ್ದರೆ, ಅಥವಾ ಪೊರೆಗೇ ಹರಡಿದ್ದರೆ ಮಾತ್ರ ಹಾಗೆ ಬಿಟ್ಟು ಕೊಡಲಾಗದು.

ಆಪರೇಷನ್ ಮಾತು ಬಂದಿಲ್ಲ, ಬರಬೇಕಾದ ಅಗತ್ಯವೂ ಕಾಣುತ್ತಿಲ್ಲ. ಒಂದೇ ಗಡ್ಡೆ, 3 ಸೆಂ.ಮೀ. ದಾಟಿದ್ದು, ಮಿದುಳನ್ನು ಒತ್ತಿ ಪಕ್ಕಕ್ಕೆ ಸರಿಸಿದೆ ಅಥವಾ ಹಿಂಬದಿಯ ಚಿಕ್ಕಮಿದುಳಿನಲ್ಲಿ ಕುಳಿತು ದ್ರವದ ಹರಿವನ್ನು ಅಡ್ಡಗಟ್ಟಿದೆ ಎಂದರೆ ಆಪರೇಷನ್ನೇ ಮೊದಲು. ಆಮೇಲೆ ಆ ಕುಳಿಗೆ ಎಸ್‌ಆರ್‌ಎಸ್. ಇದು ಕ್ಯಾನ್ಸರೇ ಹೌದೇ ಎಂಬ ಅನುಮಾನವಿದ್ದಾಗಲೂ ಆಪರೇಷನ್ ಅಥವಾ ಬಯಾಪ್ಸಿ ಬೇಕು. 1990ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಮಿದುಳಿಗೆ ಕ್ಯಾನ್ಸರ್ ಹರಡಿದೆ ಎಂದು ಸ್ಕ್ಯಾನ್ ನೋಡಿ ಸೇರಿಸಿಕೊಂಡ 54 ಜನರಲ್ಲಿ 6 ಮಂದಿಗೆ ಇದ್ದದ್ದು ಬೇರೆಯೇ ಕಾಯಿಲೆ. ಇಂದಿನ ಎಂಆರ್‌ಐ ಅಂದಿಗಿಂತ ಎಷ್ಟೋ ಮೇಲು, ಆದರೂ ಸ್ತನದ ಕಾಯಿಲೆ ವಾಸಿಯಾಗಿ ಎಷ್ಟೋ ವರ್ಷದ ನಂತರ ಒಂಟಿ ಗಡ್ಡೆ ಕಂಡರೆ ಆ 6 ಮಂದಿಯನ್ನು ನೆನೆಯುವುದು ಒಳ್ಳೆಯದು. ತೆಗೆದ ತುಣುಕಿನಲ್ಲಿ ಹರ್-2, ಹಾರ್ಮೋನ್ ಪರೀಕ್ಷೆ ಮತ್ತೆ ಮಾಡಿಸಲೇಬೇಕು, ಮೂಲ ಗಡ್ಡೆಯ ಫಲಿತಾಂಶಕ್ಕಿಂತ ಬದಲಾಗಿರುವುದುಂಟು.

ಈಗ ಮಾತ್ರೆ. ನೀವು ಕೇಳಿರುವುದು ಬಹುಶಃ ಟುಕಾಟಿನಿಬ್. ಸಣ್ಣ ಅಣು, ಮಿದುಳಿನ ಗಡ್ಡೆಯನ್ನು ತಲುಪುತ್ತದೆ. 612 ರೋಗಿಗಳ ಪ್ರಯೋಗದಲ್ಲಿ 291 ಮಂದಿಗೆ ಮಿದುಳಿನಲ್ಲಿ ಗಡ್ಡೆ ಇತ್ತು. ಹೀಗೆ ಮಿದುಳಿಗೆ ಹರಡಿದವರಲ್ಲಿ ಟ್ರಾಸ್ಟುಜುಮಾಬ್, ಕೆಪಸಿಟಬಿನ್ ಜೊತೆ ಟುಕಾಟಿನಿಬ್ ಸಿಕ್ಕವರ ಮಧ್ಯಮ ಬದುಕುಳಿಕೆ (ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ ಅವಧಿ) 21.6 ತಿಂಗಳು, ಸಿಗದವರದ್ದು 12.5 ತಿಂಗಳು. ಇನ್ನೊಂದು ಔಷಧ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್, ಮೂರು ವಾರಕ್ಕೊಮ್ಮೆ ಕೆ.ಜಿ.ಗೆ 5.4 ಮಿ.ಗ್ರಾಂ ಡ್ರಿಪ್. ದೊಡ್ಡ ಅಣು ಮಿದುಳಿಗೆ ಹೋಗದು ಎಂದು ಮೇಲೆ ಬರೆದೆವಲ್ಲ, ಇದು ಆ ಮಾತಿಗೆ ಅಪವಾದ. ಗಡ್ಡೆ ಬೆಳೆದ ಕಡೆ ರಕ್ತನಾಳದ ಆ ತಡೆ ಅಲ್ಲಲ್ಲಿ ಸೋರುತ್ತದೆ, ಈ ಔಷಧ ತನ್ನೊಡನೆ ಹೊತ್ತು ತಂದ ಕೀಮೊ ವಿಷ ಒಳಗೆ ಸೇರಿದರೆ ಸಾಕು. 2024ರಲ್ಲಿ ಪ್ರಕಟವಾದ, ಮಿದುಳಿನ ಗಡ್ಡೆ ಇದ್ದ 263 ಜನರ ಫಲಿತಾಂಶದಲ್ಲಿ ಶೇ 71.7 ಮಂದಿಯ ಮಿದುಳಿನ ಗಡ್ಡೆ ಗಣನೀಯವಾಗಿ ಕುಗ್ಗಿತ್ತು.

ಹಾಗಿದ್ದರೆ ರೇಡಿಯೇಷನ್ ಬಿಟ್ಟು ಇವನ್ನೇ ಕೊಡಬಾರದೇ? ಗಡ್ಡೆ ಚಿಕ್ಕದಿದ್ದು, ಯಾವ ಲಕ್ಷಣವೂ ಇಲ್ಲದವರಲ್ಲಿ ಹಾಗೆ ಮಾಡಿ, ಆರೆಂಟು ವಾರಕ್ಕೊಮ್ಮೆ ಎಂಆರ್‌ಐ ನೋಡುತ್ತಾ ರೇಡಿಯೇಷನ್ ಮುಂದೂಡುವುದುಂಟು. ನಿಮ್ಮ ಅಕ್ಕನಿಗೆ ಊತ ಇದೆ, ಫಿಟ್ಸ್ ಬಂದಿದೆ. ಔಷಧ ಹಿಡಿಯುತ್ತದೋ ಇಲ್ಲವೋ ಎಂದು ಕಾಯುವ ಪರಿಸ್ಥಿತಿ ಇದಲ್ಲ, ಎಸ್‌ಆರ್‌ಎಸ್ ಮೊದಲು. ಅದು ಮುಗಿದ ಮೇಲೆ ಹೊಟ್ಟೆ, ಎದೆಯ ಸ್ಕ್ಯಾನ್‌ನಲ್ಲಿ ಲಿವರ್ ಹತೋಟಿಯಲ್ಲೇ ಇದ್ದರೆ ಈಗಿನ ಇಂಜೆಕ್ಷನ್‌ಗಳನ್ನೇ ಮುಂದುವರಿಸುವುದು ಒಪ್ಪಿತ ಕ್ರಮ. ‘ಹೊಸದು ಇರುವಾಗ ಹಳೆಯದು ಯಾಕೆ’ ಎಂದು ಮನೆಯವರು ಒತ್ತಾಯಿಸುವುದು ಸಹಜ. ಆದರೆ ದೇಹದಲ್ಲಿ ಕೆಲಸ ಮಾಡುತ್ತಿರುವ ಔಷಧವನ್ನು ಎಸೆದರೆ ಒಂದು ಬಾಣ ವ್ಯರ್ಥವಾದಂತೆ. ತಲೆಯಲ್ಲಿ ಮತ್ತೆ ಕಾಣಿಸಿಕೊಂಡಾಗ, ಅಥವಾ ಲಿವರ್ ಕೈಮೀರಿದಾಗ ಹೊಸದಕ್ಕೆ ಹೋಗಬಹುದು. ಬೇಗನೆ ಬದಲಿಸುವ ಡಾಕ್ಟರುಗಳೂ ಇದ್ದಾರೆ, ಅದನ್ನು ತಪ್ಪೆನ್ನಲಾಗದು. ಕಾರಣ ಕೇಳಿ ತಿಳಿದುಕೊಳ್ಳಿ.

ಟುಕಾಟಿನಿಬ್ ಶುರುವಾದಾಗ ತಿಳಿದಿರಬೇಕಾದ್ದು: 150 ಮಿ.ಗ್ರಾಂನ ಎರಡು ಮಾತ್ರೆ ಬೆಳಗ್ಗೆ, ಎರಡು ರಾತ್ರಿ, ಊಟಕ್ಕೆ ಮೊದಲಾದರೂ ಸರಿ ಆಮೇಲಾದರೂ ಸರಿ. ಪುಡಿ ಮಾಡಬಾರದು. ವಾಂತಿಯಾದರೆ ಆ ಡೋಸನ್ನು ಮತ್ತೆ ನುಂಗಬಾರದು. ಕೆಪಸಿಟಬಿನ್ ಊಟವಾದ ಅರ್ಧ ಗಂಟೆಯೊಳಗೆ, 14 ದಿನ ನುಂಗಿ 7 ದಿನ ಬಿಡುವು. ಅದಕ್ಕೂ ಮೊದಲು, ಕೆಪಸಿಟಬಿನ್ ಅನ್ನು ದೇಹದಲ್ಲಿ ಒಡೆಯುವ ಡಿಪಿಡಿ ಕಿಣ್ವದ ಪರೀಕ್ಷೆ ಆಗಲಿ. ಆ ಕಿಣ್ವ ಕಡಿಮೆ ಇರುವ ಕೆಲವರಿಗೆ ಮಾಮೂಲಿ ಡೋಸೇ ಪ್ರಾಣಕ್ಕೆ ಕುತ್ತಾಗುತ್ತದೆ. ಭೇದಿ ಶುರುವಾದ ಮೊದಲ ದಿನವೇ ಲೋಪೆರಮೈಡ್. ಮೂರು ವಾರಕ್ಕೊಮ್ಮೆ ಲಿವರ್ ಪರೀಕ್ಷೆ. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಕಿಡ್ನಿ ಹಾಳಾಯಿತೆಂದು ಮಾತ್ರೆ ನಿಲ್ಲಿಸಬೇಡಿ, ಅದು ಹೊರಹೋಗುವ ದಾರಿಯನ್ನು ಟುಕಾಟಿನಿಬ್ ತಡೆಯುವುದರಿಂದಲೇ ಆ ಏರಿಕೆ ಬರುತ್ತದೆ. ಡೆರುಕ್ಸ್‌ಟೆಕಾನ್ ಆದರೆ ಎಚ್ಚರ ಬೇರೆ ಕಡೆ, ಶ್ವಾಸಕೋಶದ ಉರಿಯೂತ. ಒಣಕೆಮ್ಮು, ಏದುಸಿರು, ಜ್ವರ ಕಂಡರೆ ಮುಂದಿನ ಡ್ರಿಪ್‌ವರೆಗೆ ಕಾಯದೆ ಅಂದೇ ತಿಳಿಸಿ. ನಿರ್ಲಕ್ಷಿಸಿದರೆ ಸಾವೂ ಸಂಭವಿಸಬಹುದು.

ಎಷ್ಟು ಕಾಲ? ಸ್ತನ ಕ್ಯಾನ್ಸರ್ ಮಿದುಳಿಗೆ ಹರಡಿದವರಿಗೆಂದೇ ‘ಬ್ರೆಸ್ಟ್ ಜಿಪಿಎ’ ಎಂಬ ಅಂಕಪಟ್ಟಿ ಇದೆ, 2020ರಲ್ಲಿ ಪರಿಷ್ಕರಿಸಿದ್ದು. ನಿಮ್ಮ ಅಕ್ಕನಿಗೆ ಹಾಕಿ ನೋಡೋಣ. ಹರ್-2 ಪಾಸಿಟಿವ್, 1.5 ಅಂಕ. ವಯಸ್ಸು 60ರ ಒಳಗೆ, 0.5. ಲಕ್ಷಣಗಳಿದ್ದರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ ಎಂದಿಟ್ಟುಕೊಂಡರೆ 0.5. ಗಡ್ಡೆ ಒಂದಕ್ಕಿಂತ ಹೆಚ್ಚು, ಸೊನ್ನೆ. ಲಿವರ್‌ನಲ್ಲೂ ಇದೆ, ಸೊನ್ನೆ. ಒಟ್ಟು 2.5. ಪಟ್ಟಿಯಲ್ಲಿ 2.5–3 ಅಂಕದವರ ಮಧ್ಯಮ ಬದುಕುಳಿಕೆ 24 ತಿಂಗಳು. ಅದಕ್ಕಿಂತ ಮೇಲಿನವರದ್ದು 36, 1.5–2ರವರದ್ದು 13, ಒಂದು ಅಥವಾ ಅದಕ್ಕಿಂತ ಕಡಿಮೆ ಇದ್ದವರದ್ದು 6 ತಿಂಗಳು. 24 ತಿಂಗಳು ಎಂದರೆ ಅಕ್ಕನಿಗೆ ಕೊಟ್ಟ ಗಡುವಲ್ಲ. ಅಷ್ಟು ಅಂಕದವರಲ್ಲಿ ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಅದಕ್ಕಿಂತ ಕಡಿಮೆ ಬದುಕಿದರು ಎಂದಷ್ಟೇ ಅರ್ಥ. ಅದರಲ್ಲೂ ಆ ರೋಗಿಗಳೆಲ್ಲ 2017ರೊಳಗಿನವರು. ಮೇಲೆ ಹೇಳಿದ ಎರಡು ಔಷಧಗಳು ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿಲ್ಲ. ಪೂರ್ತಿ ವಾಸಿಯಾಗುವ ಭರವಸೆ ಮಾತ್ರ ಕೊಡಲಾರೆವು. ವರ್ಷಗಟ್ಟಲೆ ಹತೋಟಿಯಲ್ಲಿಡುವುದು ಸಾಧ್ಯ, ಕೆಲವರಲ್ಲಿ ಹಲವು ವರ್ಷ.

ಇದೇ ಲೆಕ್ಕವನ್ನು ಎಲ್ಲ ಸ್ತನ ಕ್ಯಾನ್ಸರ್‌ಗೂ ಹಚ್ಚಬೇಡಿ. ಹರ್-2, ಹಾರ್ಮೋನ್ ಎರಡೂ ನೆಗೆಟಿವ್ ಆದ ಟ್ರಿಪಲ್ ನೆಗೆಟಿವ್‌ನಲ್ಲಿ ಆ 1.5ರ ಜಾಗದಲ್ಲಿ ಸೊನ್ನೆ, ಮಿದುಳಿಗೆ ನಾಟುವ ಔಷಧಗಳೂ ಕಡಿಮೆ. ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಆದರೆ 0.5. ಕಾಯಿಲೆ ಮಿದುಳಿನ ಪೊರೆ ಮತ್ತು ಬೆನ್ನುಹುರಿಯ ದ್ರವಕ್ಕೆ ಹರಡಿದ್ದರೆ ಈ ಪಟ್ಟಿಯೇ ಅನ್ವಯಿಸದು, ಅಲ್ಲಿ ಮಾತು ಬಹುತೇಕ ತಿಂಗಳುಗಳದ್ದು. ಎರಡೆರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು, ಎರಡೂ ಕಾಲು ಸೋಲುವುದು, ಮೂತ್ರದ ಹತೋಟಿ ತಪ್ಪುವುದು ಅದರ ಸುಳಿವು.

ಎಸ್‌ಆರ್‌ಎಸ್ ಆದ ಮೇಲೆ ಮೊದಲ ವರ್ಷ ಎರಡು ಮೂರು ತಿಂಗಳಿಗೊಮ್ಮೆ ಎಂಆರ್‌ಐ ತಪ್ಪಬಾರದು. ಇಡೀ ತಲೆಗೆ ಕೊಡದೆ ಬಿಟ್ಟದ್ದಕ್ಕೆ ನಾವು ತೆರುವ ಬೆಲೆ ಇದೇ. ಹೊಸ ಗಡ್ಡೆ ಹುಟ್ಟಬಹುದು, ಚಿಕ್ಕದಿದ್ದಾಗಲೇ ಹಿಡಿದು ಅದಕ್ಕೂ ಎಸ್‌ಆರ್‌ಎಸ್ ಕೊಡಬಹುದು. ಇನ್ನೊಂದು ಸಂಗತಿ. ಆರು ತಿಂಗಳಿನಿಂದ ಎರಡು ವರ್ಷದೊಳಗೆ ಚಿಕಿತ್ಸೆ ಪಡೆದ ಗಡ್ಡೆಯೇ ಸ್ಕ್ಯಾನ್‌ನಲ್ಲಿ ದೊಡ್ಡದಾಗಿ, ಸುತ್ತ ಊತದೊಂದಿಗೆ ಕಾಣಿಸಬಹುದು. ಅದು ಕ್ಯಾನ್ಸರ್ ಮರಳಿದ್ದೂ ಇರಬಹುದು, ರೇಡಿಯೇಷನ್‌ನಿಂದ ಸತ್ತ ಅಂಗಾಂಶದ ಉರಿಯೂತವೂ ಇರಬಹುದು. ಮಾಮೂಲಿ ಎಂಆರ್‌ಐನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಿಂದಿನ ಸ್ಕ್ಯಾನ್‌ಗಳನ್ನು ಸಾಲಾಗಿ ಇಟ್ಟು ನೋಡಿ, ರಕ್ತದ ಹರಿವನ್ನು ತೋರಿಸುವ ಪರ್ಫ್ಯೂಷನ್ ಎಂಆರ್‌ಐ ಮಾಡಿಸಿ, ಅಗತ್ಯವಾದರೆ ಬಯಾಪ್ಸಿ ತೆಗೆದು ನಿರ್ಧರಿಸಬೇಕು. ಸತ್ತ ಅಂಗಾಂಶವಾದರೆ ಸ್ಟೀರಾಯ್ಡ್, ಅದಕ್ಕೆ ಬಗ್ಗದಿದ್ದರೆ ಬೆವಸಿಜುಮಾಬ್ ಎಂಬ ಔಷಧ. ಗೊತ್ತಾಗದೆ ಅದರ ಮೇಲೆ ಮತ್ತೆ ರೇಡಿಯೇಷನ್ ಕೊಟ್ಟರೆ ಕೆಡುಕೇ.

ಆದ್ದರಿಂದ ಪ್ರತಿ ಎಂಆರ್‌ಐನ ಬರೀ ರಿಪೋರ್ಟ್ ಹಾಳೆಯನ್ನಲ್ಲ, ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆದು ದಿನಾಂಕ ಬರೆದಿಡಿ. ಎಸ್‌ಆರ್‌ಎಸ್ ಮುಗಿದ ದಿನ ಯಾವ ಗಡ್ಡೆಗೆ ಎಷ್ಟು ಗ್ರೇ, ಎಷ್ಟು ದಿನ ಎಂಬ ಸಾರಾಂಶವನ್ನು ಬರೆಸಿಕೊಳ್ಳಿ. ಹರ್-2 ಪರೀಕ್ಷೆಯ ಮೂಲ ರಿಪೋರ್ಟ್, ಇತ್ತೀಚಿನ ಎಕೊ (ಹೃದಯದ ಸ್ಕ್ಯಾನ್), ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಅದೇ ಕಡತದಲ್ಲಿರಲಿ. ಮುಂದಿನ ಭೇಟಿಗೆ ಹೋಗುವಾಗ ಈ ಕಡತ, ಜೊತೆಗೆ ಡೆಕ್ಸಾಮೆಥಾಸೋನ್ ಇಳಿಸುವ ಪಟ್ಟಿಗೊಂದು ಖಾಲಿ ಹಾಳೆ.